ಸೋದರಮಾವನ ಮಣೆ

1973ರ ಅಕ್ಟೋಬರ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಜರ್ಸಿ ಸಿಟಿಯಲ್ಲಿ ನಮ್ಮ ಎರಡನೆಯ ಮಹಡಿಯ ಅಪಾರ್ಟ್‌ಮೆಂಟು. ಹಾಜರಿದ್ದವರು ನಾನು, ನನ್ನ ಯಜಮಾನರು, ಒಂದೂವರೆ ವರ್ಷದ ಮಗಳು, ಫೋರ್ಟ್ ಲೀಯಿಂದ ಬಂದ ಡಾಕ್ಟರು ಮತ್ತು ಅವರ ಹೆಂಡತಿ, ಪೂಜೆ ಮಾಡಿಸಲು ಬಂದ ಕೆಮಿಸ್ಟ್ರಿ ಪ್ರೊಫೆಸರರು. ಬರಬೇಕಾಗಿದ್ದು ಇನ್ನೂ ಬಾರದಿದ್ದವರು ಇಬ್ಬರು. ಅವರಲ್ಲೊಬ್ಬನಿಗಾಗಿ ಹಾಲಿನ ನಡುವೆ ಮಣೆ ಹಾಕಿ, ಸುತ್ತ ರಂಗೋಲಿ ಎಳೆದು, ಖಾಲಿ ಬಿಟ್ಟಿದ್ದೆ.

ಅಂದು ಮಗಳ ಕಿವಿ ಚುಚ್ಚುವ ಶಾಸ್ತ್ರ. ನಮ್ಮ ಮನೆತನದಲ್ಲಿ ಅದಕ್ಕೊಂದು ಕ್ರಮವಿದೆ. ಮಣೆಯ ಮೇಲೆ ಮಗುವಿನ ಸೋದರಮಾವ ಕೂಡಬೇಕು, ಮಗು ಅವನ ತೊಡೆಯ ಮೇಲೆ ಕೂಡಬೇಕು. ಸೂಜಿ ಕಿವಿಗೆ ತಾಗುವ ಹೊತ್ತಿಗೆ ಮಾವನ ಹೆಂಡತಿ, ಅಂದರೆ ಅತ್ತೆ, ಮಗುವಿನ ಬಾಯಿಗೆ ಬೆಲ್ಲದ ಚೂರು ಇಡಬೇಕು. ಮಾವನ ತೊಡೆ ಇಲ್ಲದೆ ಚುಚ್ಚಿದ ಕಿವಿ ಬೇಗ ಮಾಯುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು. ಕಿವಿ ಯಾಕೆ ಮಾಯುತ್ತದೆ, ಯಾಕೆ ಮಾಯುವುದಿಲ್ಲ ಎಂಬುದು ಗೊತ್ತಿತ್ತು. ಆದರೂ ಮಾವನ ತೊಡೆ ಬೇಕಿತ್ತು.

ಶನಿವಾರ ಒಂಬತ್ತರಿಂದ ಹತ್ತೂವರೆಯವರೆಗೆ ರಾಹುಕಾಲ. ಅಷ್ಟರೊಳಗೆ ಮುಗಿಸಬೇಕೆಂದೇ ಎಲ್ಲರನ್ನೂ ಎಂಟಕ್ಕೆ ಕರೆದಿದ್ದೆ. ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬೆಳೆದವಳು. ತಾಯಿ ಅಲ್ಲಿಯ ಮೇಲ್ವಿಚಾರಕಿ. ಏಳಲು ಒಂದು ಗಂಟೆ, ಪ್ರಾರ್ಥನೆಗೆ ಒಂದು, ಊಟಕ್ಕೆ ಒಂದು, ದೀಪ ಆರಿಸಲು ಒಂದು. ಊಟದ ಗಂಟೆ ಬಾರಿಸಿದ ಮೇಲೆ ಬಂದವಳಿಗೆ ತಟ್ಟೆ ಇಲ್ಲ. ಮೇಲ್ವಿಚಾರಕಿಯ ಮಗಳಿಗೂ ಇಲ್ಲ. ಸಮುದ್ರ ದಾಟಿ ಬಂದರೂ ಆ ಗಂಟೆ ನನ್ನನ್ನು ಬಿಟ್ಟಿರಲಿಲ್ಲ. ಹೊತ್ತು ಮೀರಿ ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ. ಆ ಶನಿವಾರ ಮಾಡಿದೆ.

ಮಣೆ ಯಾರಿಗಾಗಿ ಖಾಲಿ ಇತ್ತೆಂಬುದನ್ನು ಮೊದಲು ಹೇಳಬೇಕು.

ನಾವು ಬಂದದ್ದು 1969ರ ಚಳಿಗಾಲದಲ್ಲಿ. ಯಜಮಾನರು ಮೈಸೂರಿನವರು, ಅವರಿಗೆ ನ್ಯೂಯಾರ್ಕಿನಲ್ಲಿ ಇಂಜಿನಿಯರ್ ಕೆಲಸ. ನನಗೆ ಹಡ್ಸನ್ ನದಿಯ ಈಚೆ ದಡದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸ. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಫೋನಿನಲ್ಲಿ ಖಾಲಿ ಇದೆ ಎಂದವರು ನಮ್ಮ ಮುಖ ಕಂಡೊಡನೆ ಈಗಷ್ಟೇ ಹೋಯಿತು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಆಸ್ಪತ್ರೆಯ ಊಟದ ಕೋಣೆಯಲ್ಲಿ ಇದನ್ನೇ ಯಾರಿಗೋ ಹೇಳುತ್ತಿದ್ದಾಗ ಪಕ್ಕದ ಮೇಜಿನಿಂದ ಒಬ್ಬ ಕಪ್ಪು ವರ್ಣೀಯ ಗಂಡಸು ತಿರುಗಿದ. ಎಕ್ಸ್-ರೇ ವಿಭಾಗದವನು, ಎತ್ತರದ ಆಳು, ಅಂಗಿಯ ಕಾಲರು ಸದಾ ಇಸ್ತ್ರಿಯಾಗಿರುತ್ತಿತ್ತು.

"ಆ ಬೀದಿಯ ಮೂಲೆ ಮನೆಯಾ? ಪಾಪ, ಅದು ನಾನು ಹೋದಾಗಲೂ ಈಗಷ್ಟೇ ಹೋಗಿತ್ತು. ಹೋಗುತ್ತಲೇ ಇರುತ್ತದೆ ಅದು."

ನಾನು ನಕ್ಕೆ. ಈ ದೇಶಕ್ಕೆ ಬಂದಮೇಲೆ ಮನೆಯ ಹೊರಗೆ ನಕ್ಕದ್ದು ಅದೇ ಮೊದಲು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು. ನನ್ನ ನೆನಪಿನಲ್ಲಿ ಮಾತ್ರ ಅವನ ಮಾತು ಕನ್ನಡದಲ್ಲೇ ಕೂತುಬಿಟ್ಟಿದೆ. ತಾನಿರುವ ಕಟ್ಟಡದಲ್ಲಿ ಒಂದು ಮನೆ ಖಾಲಿ ಇದೆಯೆಂದು ಹೇಳಿ ಅಂದು ಸಂಜೆಯೇ ಕರೆದುಕೊಂಡು ಹೋದ. ಅವನು ಮೂರನೆಯ ಮಹಡಿ, ನಾವು ಎರಡನೆಯದು.

ಹಿಮದ ಮೇಲೆ ನಡೆಯುವುದನ್ನು ಕಲಿಸಿದವನು ಅವನೇ. "ಬಾತುಕೋಳಿಯ ಹಾಗೆ ನಡಿ. ಚೆನ್ನಾಗಿ ಕಾಣಬೇಕೆಂಬ ಆಸೆ ಬಿಡು. ಚೆನ್ನಾಗಿ ಕಾಣಬೇಕೆಂದು ನಡೆಯುವವರೇ ಬೀಳುವುದು." ಸೀರೆಯ ಮೇಲೆ ಓವರ್‌ಕೋಟು, ಕಾಲಿಗೆ ಗಂಡಸರ ಬೂಟು, ಮುಂದೆ ಅವನು ಬಾತುಕೋಳಿ, ಹಿಂದೆ ನಾನು. ಬೀದಿಯ ಜನ ಕಿಟಕಿಯಿಂದ ನೋಡುತ್ತಿದ್ದರು. ಆ ದಿನಗಳ ಚಳಿ ನೆನಪಾಗುವುದಿಲ್ಲ. ಆ ನಡಿಗೆ ನೆನಪಾಗುತ್ತದೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ಸಾಕು, ಬಾಗಿಲು ದಡ್ಡನೆ ಹಾಕಿಕೊಳ್ಳುತ್ತಿದ್ದಳು. ಅವನು ನಿಂತು, ಟೋಪಿ ಎತ್ತಿ, ಆ ಮುಚ್ಚಿದ ಬಾಗಿಲಿಗೆ "ಗುಡ್ ಮಾರ್ನಿಂಗ್ ಮ್ಯಾಡಮ್" ಎಂದು ಹೇಳಿಯೇ ಮುಂದೆ ಹೋಗುವನು. ಪ್ರತಿದಿನ.

"ಅವಳಿಗೆ ಯಾಕೆ ಹೇಳುತ್ತೀ?" ಎಂದು ಕೇಳಿದೆ.

"ನನ್ನ ಅಮ್ಮ ನನಗೆ ಕಲಿಸಿದ್ದಾಳೆ. ಅವಳು ಬಾಗಿಲು ಹಾಕಿಕೊಂಡಳೆಂದು ನನ್ನ ಅಮ್ಮ ಕಲಿಸಿದ್ದನ್ನು ನಾನು ಬಿಡಲಾ?"

ಅವನ ಜೊತೆ ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಅವರೂ ಕಪ್ಪು ವರ್ಣೀಯರೇ. ಮನೆಮನೆಗೆ ಹೋಗಿ ಪಿಯಾನೊಗಳಿಗೆ ಶ್ರುತಿ ಮಾಡಿಕೊಡುವ ಕೆಲಸ. ಮಾತು ಕಡಿಮೆ. ನಮ್ಮ ಕುಕ್ಕರಿನ ಸೀಟಿ ಯಾವ ಸ್ವರದಲ್ಲಿದೆಯೆಂದು ಒಮ್ಮೆ ನನಗೆ ಹೇಳಿದ್ದರು. ನಾವಿಬ್ಬರೂ ಅವರನ್ನು "ಪಿಯಾನೊದವರು" ಎಂದೇ ಕರೆಯುತ್ತಿದ್ದೆವು. ಅವರು ಅವನ ರೂಮ್‌ಮೇಟ್ ಎಂದು ನಾವಾಗಿಯೇ ತೀರ್ಮಾನಿಸಿದ್ದೆವು; ಕೇಳಬೇಕೆಂದು ಕೂಡ ತೋಚಲಿಲ್ಲ. ಇಬ್ಬರು ಗಂಡಸರು ಒಂದು ರೂಮು ಹಿಡಿದು, ಒಂದೇ ಒಲೆಯ ಮೇಲೆ ಅನ್ನ ಮಾಡಿಕೊಂಡು, ಹೆಗಲ ಮೇಲೆ ಕೈ ಹಾಕಿಕೊಂಡು ಸಂತೆಗೆ ಹೋಗುವುದು ನಮ್ಮ ಊರುಗಳಲ್ಲಿ ಯಾರ ಹುಬ್ಬನ್ನೂ ಏರಿಸದ ಸಂಗತಿ. ಇಡೀ ಕಟ್ಟಡಕ್ಕೆ ಗೊತ್ತಿದ್ದದ್ದು ನಮಗಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಕೆಳಗಿನ ಮುದುಕಿಯ ಬಾಗಿಲಿಗೂ ಬಣ್ಣವೊಂದೇ ಕಾರಣ ಎಂದುಕೊಂಡಿದ್ದೆವು.

ಮಾರನೆಯ ವರ್ಷ ನಾಗರಪಂಚಮಿ ಬಂತು. ನಮ್ಮ ಉತ್ತರ ಕರ್ನಾಟಕದಲ್ಲಿ ಪಂಚಮಿಯೆಂದರೆ ಅಣ್ಣ ತಂಗಿಯರ ಹಬ್ಬ. ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ನನಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಹಾಸ್ಟೆಲಿನ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಅಣ್ಣಂದಿರ ಸೈಕಲ್ಲಿನ ಹಿಂದೆ ಕೂತು ಹೋಗುವುದನ್ನು ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಜರ್ಸಿ ಸಿಟಿಯಲ್ಲಿ ಆ ದಿನ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಒಂದು ಡಬ್ಬಿಯಲ್ಲಿ ಹಾಕಿ ಮೂರನೆಯ ಮಹಡಿಗೆ ಹೋದೆ.

"ಯಾಕೆ ಇದು?" ಎಂದ.

"ಅಣ್ಣನಿಗೆ ಕೊಡುವುದು. ಇವತ್ತು ಅಣ್ಣಂದಿರ ಹಬ್ಬ."

ಬಾಗಿಲಲ್ಲೇ ನಿಂತು ಉಂಡಿ ತಿಂದ. ಬಹಳ ಹೊತ್ತು ಅಗಿದ. ಆಮೇಲೆ, ತನಗೆ ಪಕ್ಕದ ಊರು ನ್ಯೂವಾರ್ಕಿನಲ್ಲಿ ಒಬ್ಬ ತಂಗಿ ಇದ್ದಾಳೆ, ಅವಳಿಗೆ ಮಕ್ಕಳಿದ್ದಾರೆ, ಅವಳು ತನ್ನನ್ನು ಮನೆಯೊಳಗೆ ಬಿಡುವುದಿಲ್ಲ ಎಂದ. ಆ ಮಕ್ಕಳನ್ನು ಅವನು ಒಮ್ಮೆಯೂ ಎತ್ತಿಕೊಂಡಿಲ್ಲವಂತೆ. ಆಸ್ತಿ ಜಗಳವಿರಬೇಕೆಂದು ನಾನು ಅಂದುಕೊಂಡೆ. ನಮ್ಮ ಕಡೆ ಅಣ್ಣ ತಂಗಿ ಮಾತು ಬಿಡುವುದು ಹೆಚ್ಚಾಗಿ ಅದಕ್ಕೇ. ಆ ದಿನದಿಂದ ಅವನು ನನಗೆ ಅಣ್ಣ. ಆ ಶಬ್ದವನ್ನು ಅವನೂ ಕಲಿತ. ನಾನು ಹಾಗೆ ಕರೆದರೆ ಎಲ್ಲಿದ್ದರೂ ತಿರುಗುವನು.

ಮಗಳು ಹುಟ್ಟಿದ ಮೇಲೆ ಅಣ್ಣನ ಪಾಳಿ ನನ್ನ ಪಾಳಿಗೆ ಹೊಂದದಂತೆ ನೋಡಿಕೊಂಡೆವು. ನಾನು ಕೆಲಸಕ್ಕೆ ಹೋದಾಗ ಅವನು ಮನೆಯಲ್ಲಿರುವನು. ಎದೆಯ ಮೇಲೆ ಮಲಗಿಸಿಕೊಂಡು, ಚರ್ಚಿನಲ್ಲಿ ಹಾಡುವ ಹಾಡುಗಳನ್ನು ಬಾಯಿ ಮುಚ್ಚಿಕೊಂಡು ಗುನುಗುವನು. ಅವನ ಎದೆಯ ನಡುಕಕ್ಕೆ ಮಗು ನಿದ್ದೆ ಹೋಗುತ್ತಿತ್ತು. ನನ್ನ ಜೋಗುಳಕ್ಕೆ ಹೋಗುತ್ತಿರಲಿಲ್ಲ.

ಹೀಗಿರುವಾಗ ಕಿವಿ ಚುಚ್ಚುವ ಮಾತು ಬಂದಾಗ ನಾನು ಬೇರೆ ಯಾರನ್ನು ಕೇಳಲಿ? ಒಂದು ಭಾನುವಾರ ಮಧ್ಯಾಹ್ನ ಮೇಲೆ ಹೋಗಿ ಕ್ರಮವನ್ನೆಲ್ಲ ವಿವರಿಸಿದೆ. ಅಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದ. ಪಿಯಾನೊದವರು ಸಿಂಕಿನ ಬಳಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

"ಮಗು ನನ್ನ ತೊಡೆಯ ಮೇಲೆ. ಎಲ್ಲರ ಮುಂದೆ," ಎಂದ.

"ಹೌದು. ಆದರೆ ಮಾವ ಒಬ್ಬನೇ ಆಗುವುದಿಲ್ಲ. ಬೆಲ್ಲ ಕೊಡಲು ಅತ್ತೆ ಬೇಕು. ಅದಕ್ಕೇ ಹೇಳುತ್ತಿದ್ದೇನೆ, ಅಕ್ಟೋಬರಿನೊಳಗೆ ಯಾರನ್ನಾದರೂ ಮದುವೆಯಾಗು. ಇಲ್ಲದಿದ್ದರೆ ನಾನೇ ಹುಡುಕಬೇಕಾಗುತ್ತದೆ."

ನಾನು ನಗುತ್ತಿದ್ದೆ. ಅಣ್ಣ ನಗಲಿಲ್ಲ. ಸಿಂಕಿನ ಕಡೆ ನೋಡಿದ. ಸಿಪ್ಪೆ ತೆಗೆಯುವ ಸದ್ದು ನಿಂತಿತು.

"ಬೆಲ್ಲ ಕೊಡಲು ನನಗೆ ಜನ ಇದ್ದಾರೆ, ತಂಗಿ. ಇವನೇ. ನನ್ನ ಸಂಸಾರ ಅಂದರೆ ಇವನೇ. ನ್ಯೂವಾರ್ಕಿನವಳು ಬಾಗಿಲು ಹಾಕಿದ್ದೂ ಇದಕ್ಕೇ. ನೀನು ಇಷ್ಟು ದೊಡ್ಡ ಕೆಲಸಕ್ಕೆ ಕರೆಯುತ್ತಿರುವಾಗ ಗೊತ್ತಿಲ್ಲದೆ ಕರೆಯಬಾರದು."

ಕೆಳಗೆ ಬಂದು, ಗುಡಿಸಿದ್ದ ನೆಲವನ್ನು ಮತ್ತೆ ಗುಡಿಸಿದೆ. ಯಜಮಾನರು ಬಂದಾಗ ಹೇಳಿದೆ. ಅವರು ಶೂ ಬಿಚ್ಚುತ್ತಿದ್ದವರು ಒಂದು ಕಾಲಿನದನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

"ಅಲ್ಲ ಕಣೇ, ಮೈಸೂರಲ್ಲಿ ನಾನೂ ಒಬ್ಬನ ಜೊತೆ ರೂಮ್ ಮಾಡ್ಕೊಂಡಿದ್ನಲ್ಲ?"

"ಅದು ಬೇರೆ."

"ಬೇರೇನೇ. ಅದಿರ್ಲಿ, ಈಗೇನಂತೆ? ಮಗೂಗೆ ಜ್ವರ ಬಂದಾಗ ಆಸ್ಪತ್ರೆಗೆ ಎತ್ಕೊಂಡು ಓಡಿದ್ದು ಇವ್ನೇ ತಾನೆ? ಆ ಮನುಷ್ಯ ಬದಲಾದ್ನಾ?"

ಬದಲಾಗಿರಲಿಲ್ಲ. ಬದಲಾಗಬೇಕಾಗಿದ್ದದ್ದು ನಮಗೆ ಗೊತ್ತಿದ್ದ ಲೋಕ, ಅದೂ ಸ್ವಲ್ಪವೇ. ರಾತ್ರಿ ಊಟಕ್ಕೆ ಕೂಡುವ ಹೊತ್ತಿಗೆ ನನ್ನ ಮಟ್ಟಿಗೆ ಅದು ಆಗಿತ್ತು. ಆದರೆ ಯಜಮಾನರಿಗೆ ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲ. ಫೋರ್ಟ್ ಲೀ ಡಾಕ್ಟರಿಗೆ ಹೇಳಿದರು. ಡಾಕ್ಟರ ಹೆಂಡತಿಯಿಂದ ಫೋನು ಬಂತು.

ಅವರು ನಮ್ಮ ಧಾರವಾಡದವರೇ, ನನಗಿಂತ ಹಿರಿಯರು, ಅಕ್ಕಾವರೇ ಎನ್ನುತ್ತಿದ್ದೆ. ಸೇತುವೆಯ ಪಕ್ಕದ ಎತ್ತರದ ಕಟ್ಟಡದಲ್ಲಿ ಮನೆ. ನನ್ನ ಬಾಣಂತನಕ್ಕೆ ಬಸ್ಸಿನಲ್ಲಿ ಅಂಟಿನ ಉಂಡಿ ಹೊತ್ತು ತಂದವರು ಅವರೇ.

"ಏನವಾ ಇದು? ಕರೀ ಮನಶ್ಯಾನ್ನ ಮಾಮಾ ಅಂತ ಕೂಡಸ್ತೀನಿ ಅಂದಿ, ನಾ ಬಾಯಿ ಬಿಡಲಿಲ್ಲ. ನುಂಗಿಕೊಂಡೆ. ಈಗ ಅವನ ಜೋಡಿ ಇನ್ನೊಬ್ಬ ಗಂಡಸು ಬಂದು ಅತ್ತಿ ಕೆಲಸ ಮಾಡ್ತಾನಂತ? ಮಂದಿ ನಗೂದಿಲ್ಲೇನು?"

"ಮಂದಿ ಎಲ್ಲಿದ್ದಾರ ಅಕ್ಕಾವ್ರ? ನೀವು, ಡಾಕ್ಟರು, ಪ್ರೊಫೆಸರು."

"ನಾ ಮಂದಿ ಅಲ್ಲೇನು? ನೋಡವಾ, ಅವ ಒಬ್ಬನ ಬರ್ಲಿ. ಲಗ್ನ ಆಗಿಲ್ಲ ಅಂತ ಹೇಳಲಿ. ಬೆಲ್ಲ ನಾ ಕೊಡ್ತೀನಿ. ಮುಗೀತು. ಅದರಾಗ ಅವನದೇನು ಹೋಗ್ತದ?"

ಅವನದೇನು ಹೋಗುತ್ತದೆಂಬುದನ್ನು ಅಣ್ಣನೇ ಹೇಳಿದ. ಶಾಸ್ತ್ರದ ಹಿಂದಿನ ಸಂಜೆ ಮೇಲೆ ಹೋಗಿ ಅಕ್ಕಾವರ ಮಾತನ್ನು ಇದ್ದಂತೆಯೇ ತಿಳಿಸಿದ್ದೆ; ಮುಚ್ಚಿಟ್ಟರೆ ಅವನಿಗೆ ಗೊತ್ತಾಗುತ್ತಿತ್ತು.

"ನನ್ನ ಚರ್ಚಿನಲ್ಲಿ ನಾನು ಹಾಡುತ್ತೇನೆ," ಎಂದ. "ನನ್ನ ದನಿ ಅವರಿಗೆ ಇಷ್ಟ. ಹಾಡು ಮುಗಿಸಿ ಯಾರಿರುವ ಮನೆಗೆ ಹೋಗುತ್ತೀ ಎಂದು ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಇವನು ಒಮ್ಮೆಯೂ ಆ ಬಾಗಿಲು ದಾಟಿಲ್ಲ. ನನಗೆ ಹಾಡು ಬೇಕು, ಅದಕ್ಕಾಗಿ ಇಷ್ಟು ವರ್ಷ ಹಾಗೆ ನಡೆದುಕೊಂಡೆ. ಇನ್ನೊಂದು ಮನೆಯಲ್ಲಿ ಹಾಗೆ ಮಾಡಲಾರೆ, ತಂಗಿ. ಅದೂ ನಿನ್ನ ಮನೆಯಲ್ಲಿ."

"ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವ ಆಸೆ ಇಲ್ಲವೇ?"

"ಎಷ್ಟಿದೆ ಎಂದು ನಿನಗೆ ಗೊತ್ತಿದೆ."

ಗೊತ್ತಿತ್ತು. ಶಾಸ್ತ್ರಕ್ಕೆಂದು ಸೂಟನ್ನು ಅವನು ಆಗಲೇ ಒಗೆಸಿ ತಂದು ಬಾಗಿಲಿನ ಹಿಂದೆ ತೂಗುಹಾಕಿದ್ದ.

"ಅಕ್ಕಾವರ ಮೇಲೆ ಸಿಟ್ಟಿಲ್ಲವೇ ನಿನಗೆ?"

"ಅವರು ನನ್ನನ್ನು ಇನ್ನೂ ನೋಡಿಯೇ ಇಲ್ಲ. ನೋಡದವರ ಮೇಲೆ ಏನು ಸಿಟ್ಟು? ಬಂದವರು ಕೂಡಲು ಚರ್ಚಿನಿಂದ ಕುರ್ಚಿ ತಂದುಕೊಡುತ್ತೇನೆ ಎಂದಿದ್ದೆ, ತರುತ್ತೇನೆ. ಇಬ್ಬರೂ ತರುತ್ತೇವೆ. ತಂದಿಟ್ಟು ಹೋಗುತ್ತೇವೆ. ನಿನ್ನ ಹಿರಿಯರ ಮನಸ್ಸು ಮುರಿಯಬೇಡ."

"ಮಣೆ ಹಾಕಿರುತ್ತೇನೆ. ನೀವಿಬ್ಬರೂ ಬಾರದಿದ್ದರೆ ಅದು ಖಾಲಿ ಇರುತ್ತದೆ. ನನಗೆ ಬೇರೆ ಅಣ್ಣ ಇಲ್ಲ," ಎಂದು ಹೇಳಿ ಇಳಿದು ಬಂದೆ.

ಇನ್ನು ಶನಿವಾರ.

ಡಾಕ್ಟರು ಸೂಜಿ, ಸ್ಪಿರಿಟ್ಟು, ಹತ್ತಿ ಜೋಡಿಸಿಟ್ಟರು. ಅಕ್ಕಾವರು ಬೆಲ್ಲವನ್ನು ತಟ್ಟೆಯಲ್ಲಿಟ್ಟುಕೊಂಡು ಸೆರಗು ಸಿಕ್ಕಿಸಿ ಸಿದ್ಧರಾಗಿ ಕೂತರು. ಆಗ ಇಲ್ಲಿ ದೇವಸ್ಥಾನವಿರಲಿಲ್ಲ, ಪುರೋಹಿತರಿರಲಿಲ್ಲ. ನಮ್ಮ ಪ್ರೊಫೆಸರರು ವಾರವೆಲ್ಲ ಕಾಲೇಜಿನಲ್ಲಿ ಆಮ್ಲ ಕ್ಷಾರ ಪಾಠ ಹೇಳಿ, ಶನಿವಾರ ಭಾನುವಾರ ಕನ್ನಡದ ಮನೆಗಳಲ್ಲಿ ಮಂತ್ರ ಹೇಳುತ್ತಿದ್ದರು. ಗಣಪತಿ ಪೂಜೆ ಮುಗಿಸಿ ಗಡಿಯಾರ ನೋಡಿದರು.

"ಮಾವ ಎಲ್ಲಮ್ಮಾ?"

"ಬರ್ತಾರೆ."

"ಒಂಬತ್ತಕ್ಕೆ ರಾಹು ಬರ್ತಾನೆ. ಅವ್ನು ಯಾರಿಗೂ ಕಾಯಲ್ಲ. ಬೇಕಾದ್ರೆ ನಾನೇ ಕೂತ್ಕೋತೀನಿ ಬಿಡಿ, ನಂದೂ ತೊಡೇನೇ."

"ಕೂಡ್ರಿ ನೀವ," ಎಂದರು ಅಕ್ಕಾವರು. "ಹೊತ್ತಾತು."

"ಬ್ಯಾಡ ಅಕ್ಕಾವ್ರ. ಮಾವ ಬಂದಿಲ್ಲ."

ಯಜಮಾನರು ನನ್ನ ಮುಖ ನೋಡಿದರು. ಅನ್ನ ಬೇಯುವುದು ಒಂದು ನಿಮಿಷ ತಡವಾದರೆ ಮಾತಾಡದೆ ಮುಖ ಊದಿಸಿಕೊಳ್ಳುವ ಹೆಂಡತಿ, ಮುಹೂರ್ತ ಜಾರುತ್ತಿದ್ದರೂ ಗೋಡೆಗೊರಗಿ ಕೂತಿದ್ದಳು. ಮಗಳು ಖಾಲಿ ಮಣೆಯ ಮೇಲೆ ಹತ್ತಿ ಇಳಿದು ರಂಗೋಲಿಯನ್ನು ಅರ್ಧ ಅಳಿಸಿದ್ದಳು.

ಆಗ ಹೊರಗೆ ಕಬ್ಬಿಣದ ಸದ್ದಾಯಿತು. ಬಾಗಿಲು ತೆರೆದೆ. ಚರ್ಚಿನ ನೆಲಮಾಳಿಗೆಯ ಮಡಚುವ ಕುರ್ಚಿಗಳನ್ನು ಗೋಡೆಗೆ ಸಾಲಾಗಿ ಒರಗಿಸಿಟ್ಟಿದ್ದರು. ಸೂಟು ಹಾಕಿಕೊಂಡ ಇಬ್ಬರು ಗಂಡಸರು ಸದ್ದಾಗದಂತೆ ಮೆಟ್ಟಿಲು ಹತ್ತಿ ಹೋಗುತ್ತಿದ್ದರು.

"ಅಣ್ಣಾ," ಎಂದೆ.

ಅವನು ತಿರುಗಿದ. ಆ ಶಬ್ದಕ್ಕೆ ತಿರುಗದೆ ಹೋಗುವುದು ಅವನಿಗೆ ಆಗುತ್ತಿರಲಿಲ್ಲ.

ನನ್ನ ಕಾಲ ಸಂದಿನಿಂದ ಮಗಳು ನುಸುಳಿ ಹೊರಗೆ ಬಂದಳು. ಮೆಟ್ಟಿಲಿನ ತುದಿಯಲ್ಲಿ ಬೀಳಬಾರದೆಂದು ಅಣ್ಣ ಎರಡೆರಡು ಮೆಟ್ಟಿಲು ಇಳಿದು ಬಂದು ಎತ್ತಿಕೊಂಡ. ಎತ್ತಿಕೊಂಡ ಮೇಲೆ ಮೇಲೆ ಹೋಗುವುದು ಹೇಗೆ? ನಾನು ಪಿಯಾನೊದವರ ಕೈಗೆ ಎರಡು ಕುರ್ಚಿ ಕೊಟ್ಟೆ. "ಒಳಗೆ ತನ್ನಿ," ಎಂದೆ.

ಅವರು ಹೊಸ್ತಿಲು ದಾಟಿದರು. ಪ್ರೊಫೆಸರರು ಕೈ ಎತ್ತಿದರು.

"ಮುಗೀತು. ಒಂಬತ್ತಾಯ್ತು. ಇನ್ನು ಹತ್ತೂವರೆವರೆಗೆ ಏನೂ ಮಾಡೋ ಹಾಗಿಲ್ಲ. ಕಾಫಿ ಕೊಡಮ್ಮಾ."

ರಾಹುವಿನ ಬಗ್ಗೆ ಯಾರು ಏನಾದರೂ ಹೇಳಲಿ, ಅಂದು ಅವನಿಂದ ಒಂದು ಉಪಕಾರವಾಯಿತು. ಪೂಜೆಗೆ ಬಂದವರು ಪೂಜೆಯಾಗದೆ ಎದ್ದುಹೋಗುವಂತಿಲ್ಲ. ಆ ಒಂದೂವರೆ ಗಂಟೆ ಎಲ್ಲರೂ ಆ ಸಣ್ಣ ಹಾಲಿನಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ, ಚರ್ಚಿನ ಕುರ್ಚಿಗಳ ಮೇಲೆ ಎದುರುಬದುರು ಕೂಡಲೇಬೇಕಾಯಿತು.

ಕಾಫಿ ಮುಗಿಯಿತು. ಲೋಟ ಕೆಳಗಿಟ್ಟು ಅಕ್ಕಾವರು ಅಣ್ಣನನ್ನು ನೇರವಾಗಿ ಕೇಳಿದರು, ಇಂಗ್ಲಿಷಿನಲ್ಲಿ: "ನಿನಗೆ ಹೆಂಡತಿ ಇಲ್ಲವಾ?"

"ಇಲ್ಲಮ್ಮ. ಇವನಿದ್ದಾನೆ."

"ಇವನು ಅಂದರೆ?"

"ನಾನು ಪ್ರೀತಿಸುವವನು. ನನ್ನ ಮನೆ ಅಂದರೆ ಇವನು."

ಅಕ್ಕಾವರು ನನ್ನ ಕಡೆ ತಿರುಗಿ, "ಯವ್ವಾ, ಮುಖಕ್ಕ ಹೊಡದಂಗ ಹೇಳ್ತಾನಲ್ಲ ಇವ!" ಎಂದರು.

"ಏನಂದರು?" ಎಂದು ಅಣ್ಣ ಕೇಳಿದ.

"ನೇರ ಮಾತಾಡುತ್ತೀ ಅಂದರು."

"ಅವರೂ ನೇರವಾಗಿಯೇ ಕೇಳಿದರಲ್ಲ. ನನ್ನನ್ನು ಹೀಗೆ ಎದುರಿಗೆ ಕೂತು ಕೇಳಿದವರು ಬಹಳ ಕಡಿಮೆ. 'ಥ್ಯಾಂಕ್ಸ್' ಹೇಳು."

ಹೇಳಿದೆ. ಅಕ್ಕಾವರು ಸೆರಗು ಸರಿಮಾಡಿಕೊಂಡರು. ಆಮೇಲೆ, "ಅಡಿಗೆ ಯಾರು ಮಾಡುತ್ತೀರಿ?" ಎಂದರು.

"ಇವನು. ನಾನು ಪಾತ್ರೆ ತೊಳೆಯುತ್ತೇನೆ. ಇಸ್ತ್ರಿಯೂ ನನ್ನದೇ."

"ಕೇಳಿಸ್ಕೊಂಡ್ರೇನ್ರಿ?" ಎಂದು ಅಕ್ಕಾವರು ಗಂಡನ ಕಡೆ ತಿರುಗಿದರು. ಡಾಕ್ಟರು ಓದುತ್ತಿದ್ದ ಪೇಪರನ್ನು ಇನ್ನಷ್ಟು ಮೇಲಕ್ಕೆ ಹಿಡಿದರು. ಮೊದಲು ನಕ್ಕವರು ಪ್ರೊಫೆಸರರು.

ಆಗ ಅಣ್ಣ ಕೇಳಿದ: "ನಿಮ್ಮ ಕಿವಿ ಚುಚ್ಚಿದಾಗ ನೀವು ಯಾರ ತೊಡೆಯ ಮೇಲೆ ಕೂತಿದ್ದಿರಿ?"

ಅಕ್ಕಾವರನ್ನು ಅಮೆರಿಕದಲ್ಲಿ ಯಾರೂ ಅಂಥ ಪ್ರಶ್ನೆ ಕೇಳಿರಲಿಕ್ಕಿಲ್ಲ. ಅವರು ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿ, ನಡುವೆ ಕನ್ನಡಕ್ಕೆ ಬಿದ್ದರು; ನಾನು ಹಿಂದಿನಿಂದ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಅವರ ಮಾಮಾ ಗರಡಿಯ ಪೈಲ್ವಾನ. ಊರಿಗೆ ಊರೇ ಹೆದರುವ ಆಳು. ಸೂಜಿ ಕಂಡು ಸೊಸೆ ಅತ್ತಾಗ ಅವಳಿಗಿಂತ ಜೋರಾಗಿ ಅವನೇ ಅತ್ತುಬಿಟ್ಟ. ಅಕ್ಕಸಾಲಿಗ ಮೊದಲು ಪೈಲ್ವಾನನ ಬಾಯಿಗೆ ಬೆಲ್ಲ ಹಾಕಬೇಕಾಯಿತು. ಹೇಳುತ್ತ ಹೇಳುತ್ತ ಅಕ್ಕಾವರ ಕೈ ತಮ್ಮ ಕಿವಿಗೆ ಹೋಯಿತು. "ಹ್ವಾದ ವರ್ಷ ತೀರ್ಕೊಂಡ. ನಾ ಹೋಗಲಿಕ್ಕಾಗಲಿಲ್ಲ," ಎಂದರು.

ಪಿಯಾನೊದವರು ಅಂದು ಮೊದಲ ಸಲ ಬಾಯಿ ಬಿಟ್ಟು, "ಐ ಆಮ್ ಸಾರಿ," ಎಂದಷ್ಟೇ ಹೇಳಿದರು. ನಮ್ಮಲ್ಲಿ ಸಾವಿನ ಮಾತಿಗೆ ಹಾಗೆ ಹೇಳುವ ಪದ್ಧತಿಯಿಲ್ಲ. ಆದರೂ ಅಕ್ಕಾವರು ತಲೆ ಆಡಿಸಿದರು.

"ಅಮ್ಮ," ಎಂದ ಅಣ್ಣ. "ಬೆಲ್ಲ ಕೊಡುವುದು ಹೇಗೆಂದು ಇವನಿಗೆ ಯಾರೂ ಕಲಿಸಿಲ್ಲ. ನಿಮಗೆ ಬೇಡವೆಂದರೆ ನಾವು ಎದ್ದು ಹೋಗುತ್ತೇವೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಇರಲಿ ಎಂದರೆ ನೀವೇ ಕಲಿಸಿ. ನಮಗೆ ಬಾರದ್ದರಿಂದ ಮಗು ಅಳಬಾರದು."

ಮನೆ ಬಿಸಿಮಾಡುವ ರೇಡಿಯೇಟರು ಬುಸ್ಸೆಂದಿತು. ಪ್ರೊಫೆಸರರು ಮಾವಿನೆಲೆಯ ಬದಲು ತಂದಿದ್ದ ಮೇಪಲ್ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಶಾಸ್ತ್ರದಲ್ಲಿ ಇದಕ್ಕೆ ಏನ್ ಹೇಳಿದೆಯೋ ನನ್ನ ಕೇಳ್ಬೇಡಿ. ನಾನು ಕೆಮಿಸ್ಟ್ರಿಯವನು," ಎಂದರು.

ಅಕ್ಕಾವರು ತಟ್ಟೆಯಿಂದ ಒಂದು ಬೆಲ್ಲದ ಚೂರು ಎತ್ತಿ ನೋಡಿದರು. ಕಡೆಗೆ ಮಾತಾಡಿದ್ದು ನನ್ನ ಜೊತೆ, ಕನ್ನಡದಲ್ಲಿ, ಗದರುವ ದನಿಯಲ್ಲಿ:

"ಹಿಂತಾ ದಪ್ಪ ಚೂರು ಇಟ್ರ ಕೂಸಿನ ಗಂಟಲಾಗ ಸಿಗ್ತದ. ಕಡ್ಲಿಕಾಳಿನಷ್ಟು ಇರಬೇಕು. ನಾಲಿಗಿ ತುದೀಗೆ ಮುಟ್ಟಿಸಬೇಕು, ಒಳಗ ತುರುಕಬಾರದು. ಹೇಳು ಅವಗ."

ಹೇಳಿದೆ. ಪಿಯಾನೊದವರು ಒಂದು ಚೂರು ಮುರಿದು ತೋರಿಸಿದರು. "ದೊಡ್ಡದಾತು," ಎಂದರು ಅಕ್ಕಾವರು. ಇನ್ನೊಂದು ಮುರಿದರು. "ಹಾಂ."

ಹತ್ತೂವರೆಗೆ ಅಣ್ಣ ಮಣೆಯ ಮೇಲೆ ಕೂತ. ಆರಡಿಗೂ ಮಿಕ್ಕಿದ ಆಳು, ಗೇಣುದ್ದದ ಮಣೆ. ಮೊಣಕಾಲು ಎದೆಗೆ ಬಂದವು. ಮಗಳು ಅವನ ಟೈ ಹಿಡಿದುಕೊಂಡು ಕೂತಳು. ಕೋಟಿನ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟ. ಒಳಗೆ ಒಂದು ಜೊತೆ ಚಿನ್ನದ ಪುಟ್ಟ ರಿಂಗುಗಳು.

"ಇದನ್ನು ನ್ಯೂವಾರ್ಕಿನ ಮಗುವಿಗೆ ಕೊಂಡಿದ್ದೆ. ಪೋಸ್ಟಿನಲ್ಲಿ ಕಳಿಸಿದ್ದು ವಾಪಸು ಬಂತು. ಹೇಳದೆ ಕೊಡಲು ಮನಸ್ಸಾಗಲಿಲ್ಲ. ಬೇಡವಾದರೆ ಬೇರೆ ತರುತ್ತೇನೆ."

"ಇದೇ ಇರಲಿ," ಎಂದೆ.

ಅಣ್ಣ ಗುನುಗತೊಡಗಿದ, ನಿದ್ದೆ ಮಾಡಿಸುವಾಗಿನ ಅದೇ ಹಾಡು. ಡಾಕ್ಟರು ಸೂಜಿ ಎತ್ತಿದರು. ಪಿಯಾನೊದವರು ಮಗುವಿನ ಮುಖ ನೋಡುತ್ತಿರಲಿಲ್ಲ, ಕಿವಿಗೊಟ್ಟು ಕೂತಿದ್ದರು. ಅಳುವ ಮೊದಲು ಮಗು ಉಸಿರೆಳೆದುಕೊಳ್ಳುತ್ತದಲ್ಲ, ಆ ಸದ್ದು ಬಂದ ಕ್ಷಣವೇ ಬೆಲ್ಲ ನಾಲಗೆಯ ತುದಿಯಲ್ಲಿತ್ತು. ಮೊದಲ ಕಿವಿಗೆ ಮಗಳು ಅಳಲಿಲ್ಲ. ಎರಡನೆಯದಕ್ಕೆ ಅತ್ತಳು, ಅಳಲೇಬೇಕಲ್ಲ, ಅದೇನು ಎಂದು ಅಷ್ಟರೊಳಗೆ ತಿಳಿದುಬಿಟ್ಟಿತ್ತು. ಅವಳ ಅಳುವಿಗೆ ಅಣ್ಣನ ಗುನುಗು ನಿಂತಿತು. ತಲೆ ಬಗ್ಗಿಸಿ, ಮಗುವಿನ ನೆತ್ತಿಯ ಮೇಲೆ ಮುಖವಿಟ್ಟುಕೊಂಡ. ಹೆಗಲು ಅಲುಗುತ್ತಿದ್ದವು.

"ನಮ್ಮ ಮಾಮಾನಂಗ," ಎಂದರು ಅಕ್ಕಾವರು, ಯಾರಿಗೂ ಅಲ್ಲದಂತೆ. ಆಮೇಲೆ ಒಂದು ಚೂರು ಬೆಲ್ಲ ಎತ್ತಿ ಪಿಯಾನೊದವರ ಕಡೆ ಚಾಚಿ, ಅಣ್ಣನನ್ನು ತೋರಿಸಿ, "ಹಿಂ, ಗಿವ್ ಹಿಂ," ಎಂದರು.

ಎಲ್ಲವೂ ಸರಿಹೋಯಿತೆಂದು ನಾನು ಬರೆಯಲಾರೆ. ಊಟವಾದ ಮೇಲೆ ತಾಂಬೂಲ ಕೊಡುವಾಗ ಅಕ್ಕಾವರು ಅಣ್ಣನ ಕೈಗೆ ಕೊಟ್ಟರು. ಪಿಯಾನೊದವರದನ್ನು ಅವರ ಪಕ್ಕದ ಕುರ್ಚಿಯ ಮೇಲಿಟ್ಟರು. ಪಿಯಾನೊದವರು ಅದನ್ನು ಕೈಗೇ ಕೊಟ್ಟರೆಂಬಂತೆ ಎರಡೂ ಕೈಯಿಂದ ಎತ್ತಿಕೊಂಡು ತಲೆ ಬಾಗಿಸಿದರು. ಅಕ್ಕಾವರು ನೋಡಿದರು. ಹೋಗುವಾಗ ಬಾಗಿಲಲ್ಲಿ ನನಗೆ, "ಚಿತ್ರಾನ್ನಕ್ಕ ಉಪ್ಪು ಕಡಿಮಿ ಆಗಿತ್ತು," ಎಂದರು.

ಅವರೆಲ್ಲ ಹೋದ ಮೇಲೆ ನಾನು ಪಾತ್ರೆ ತೊಳೆದೆ, ಅಣ್ಣ ಒರೆಸಿದ. ಮಣೆ ತೊಳೆದು ನಿಲ್ಲಿಸಿದೆ. ರಂಗೋಲಿ ಒರೆಸಿದೆ. ಉಳಿದದ್ದು ಕುರ್ಚಿಗಳು. ಕತ್ತಲಾಗುವ ಮೊದಲು ಚರ್ಚಿಗೆ ತಲುಪಿಸಬೇಕಿತ್ತು. ಮಗಳನ್ನು ಯಜಮಾನರಿಗೆ ಒಪ್ಪಿಸಿ ನಾನೂ ಎರಡು ಎತ್ತಿಕೊಂಡೆ. ಕೆಳಗಿನ ಮುದುಕಿಯ ಮುಚ್ಚಿದ ಬಾಗಿಲಿಗೆ ಅಣ್ಣ "ಗುಡ್ ಈವನಿಂಗ್ ಮ್ಯಾಡಮ್" ಎಂದ. ಕೈಯಲ್ಲಿ ಕುರ್ಚಿಗಳಿದ್ದವು, ಟೋಪಿ ಎತ್ತಲಾಗಲಿಲ್ಲ.

ಚರ್ಚು ಎರಡು ಬೀದಿಯಾಚೆ. ಅಣ್ಣ ಯಾವಾಗಲೂ ಕುರ್ಚಿಗಳನ್ನು ಒಬ್ಬನೇ ಒಳಗೆ ಸಾಗಿಸುತ್ತಿದ್ದನಂತೆ. ಬೆಳಿಗ್ಗೆಯೂ ಪಿಯಾನೊದವರು ಹೊರಗೆ ಫುಟ್‌ಪಾತಿನಲ್ಲೇ ನಿಂತಿದ್ದರು. ಸಂಜೆಯೂ ಅವರು ಮೆಟ್ಟಿಲಿನ ಬಳಿ ನಿಂತರು. ಅಣ್ಣ ಇಳಿಯತೊಡಗಿದವನು ತಿರುಗಿ ನೋಡಿದ.

"ಬಾ," ಎಂದ.

ಮೂವರೂ ಇಳಿದೆವು. ನೆಲಮಾಳಿಗೆಯಲ್ಲಿ ಕೀಲಿಕೈ ಗೊಂಚಲು ಹಿಡಿದ ಹಿರಿಯ ಹೆಂಗಸೊಬ್ಬರು ಭಾನುವಾರಕ್ಕೆ ಮೇಜುಬಟ್ಟೆ ಹಾಸುತ್ತಿದ್ದರು. ಅಣ್ಣನನ್ನು ಕಂಡು ಮುಖ ಅರಳಿತು.

"ಏನಿತ್ತಪ್ಪ ಸಮಾರಂಭ?"

"ನನ್ನ ಸೊಸೆಯ ಕಿವಿ ಚುಚ್ಚಿಸಿದೆವು. ಇವಳು ನನ್ನ ತಂಗಿ."

ಅವರು ನನ್ನ ಸೀರೆಯನ್ನು ನೋಡಿ ನಕ್ಕರು. ಆಮೇಲೆ ಅವರ ಕಣ್ಣು ಪಿಯಾನೊದವರ ಕಡೆ ಹೋಯಿತು. "ಇವರು?"

ಸ್ನೇಹಿತ ಎಂದರೆ ಸಾಕಿತ್ತು. ರೂಮ್‌ಮೇಟ್ ಎಂದರೂ ಸಾಕಿತ್ತು. ಅಣ್ಣ ಕೈಯಲ್ಲಿದ್ದ ಕುರ್ಚಿಗಳನ್ನು ಕೆಳಗಿಟ್ಟ.

"ಇವನು ನನ್ನ ಮನೆಯವನು, ಮ್ಯಾಡಮ್. ಮೊದಲೇ ಕರೆತರಬೇಕಿತ್ತು."

ಆ ಮಾತಿಗೆ ಅವನು ಬೆಲೆ ತೆತ್ತ. ಆ ಚರ್ಚಿನಲ್ಲಿ ಅವನ ಹಾಡು ಆ ಚಳಿಗಾಲಕ್ಕೇ ನಿಂತಿತು. ಬೇರೆ ಕಡೆ ಹಾಡಲು ಹಲವು ವರ್ಷ ಬೇಕಾಯಿತು, ಅಷ್ಟು ದಿನ ಅವನ ದನಿಯನ್ನು ಕೇಳಿದವರು ನಾವು ಮತ್ತು ನಮ್ಮ ಮಗಳು ಮಾತ್ರ. ಆ ಸಂಜೆ ಅದಾವುದೂ ನಮಗೆ ಗೊತ್ತಿರಲಿಲ್ಲ. ಆ ಹೆಂಗಸು ಮೇಜುಬಟ್ಟೆಯ ಅಂಚನ್ನು ಎಳೆದು ಸರಿಮಾಡಿದರು. ಹೋಗಿ ಒಂದು ಬಕೀಟು ನೀರು, ಒರೆಸುವ ಬಟ್ಟೆಗಳನ್ನು ತಂದು ನಮ್ಮ ಮುಂದಿಟ್ಟು, "ಒರೆಸಿ ಇಡಿ. ಹೋಗುವಾಗ ದೀಪ ಆರಿಸಿ," ಎಂದು ಹೇಳಿ ಮೇಲೆ ಹೋದರು.

ಮೂವರೂ ಒರೆಸಿದೆವು. ಒಂದರ ಕಾಲಿಗೆ ಬೆಲ್ಲ ಅಂಟಿತ್ತು. ಅದನ್ನು ಪಿಯಾನೊದವರು ಉಗುರಿನಿಂದ ಕೆರೆದು ತೆಗೆದರು. ಅಣ್ಣ ಮೆಲ್ಲಗೆ ಹಾಡತೊಡಗಿದ, ಈ ಸಲ ಬಾಯಿ ತೆರೆದು. ಹಾಡು ಮುಗಿಯುವ ಹೊತ್ತಿಗೆ ನಾನು ಕೊನೆಯ ಕುರ್ಚಿಯನ್ನು ಮಡಚಿ ಸಾಲಿಗೆ ಸೇರಿಸಿ, ಬಕೀಟಿನ ನೀರು ಚೆಲ್ಲಿ ಬಂದು, ದೀಪ ಆರಿಸಿದೆ.